ಜಡ್ಜ್ ಆಗಿದ್ದವರು ರಾಜಕೀಯಕ್ಕೆ ಬರಬಹುದಾ? ಕೆ.ಎಸ್. ಹೆಗ್ಡೆ ಬದುಕಿನಲ್ಲಿ ಒಂದು ಅಳತೆಗೋಲು ಇದೆ

1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಕರ್ನಾಟಕದಲ್ಲಿ ಹಾಗೇನೂ ಆಗಲಿಲ್ಲ. ಇಲ್ಲಿನ 28 ಸೀಟುಗಳಲ್ಲಿ 26 ಇಂದಿರಾ ಗಾಂಧಿಯವರ ಪಕ್ಷಕ್ಕೇ ಬಂದವು. ಕೈತಪ್ಪಿದ್ದು ಎರಡೇ ಎರಡು. ಅದರಲ್ಲಿ ಒಂದು ಬೆಂಗಳೂರು ದಕ್ಷಿಣ. ಅಲ್ಲಿ ಗೆದ್ದವರು ಜನತಾ ಪಕ್ಷದ ಕೆ.ಎಸ್. ಹೆಗ್ಡೆ. ಅದಕ್ಕೆ ನಾಲ್ಕು ವರ್ಷ ಹಿಂದಿನವರೆಗೂ ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ.

ಹೆಗ್ಡೆಯವರನ್ನು ಈಗ ನೆನೆಯೋದಕ್ಕೆ ಕಾರಣ ಇದೆ. ಜಡ್ಜ್‌ಗಳು ರಾಜಕೀಯಕ್ಕೆ ಬರುವ ವಿಷಯ ಇತ್ತೀಚೆಗೆ ಮತ್ತೆ ಮತ್ತೆ ಸುದ್ದಿಯಾಗುತ್ತಿದೆ. 2024ರ ಮಾರ್ಚ್‌ನಲ್ಲಿ ಕಲ್ಕತ್ತಾ ಹೈಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯ ರಾಜೀನಾಮೆ ಕೊಟ್ಟು ಎರಡೇ ದಿನದಲ್ಲಿ ಬಿಜೆಪಿ ಸೇರಿದರು. ಜೂನ್‌ನಲ್ಲಿ ತಮ್ಲುಕ್‌ನಿಂದ ಲೋಕಸಭೆಗೆ ಗೆದ್ದರು. 2025ರಲ್ಲಿ ವಿರೋಧ ಪಕ್ಷಗಳು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಉಪರಾಷ್ಟ್ರಪತಿ ಚುನಾವಣೆಗೆ ನಿಲ್ಲಿಸಿದವು. ಛತ್ತೀಸ್‌ಗಢದಲ್ಲಿ ನಕ್ಸಲರ ವಿರುದ್ಧ ಕಟ್ಟಿದ್ದ ಸಲ್ವಾ ಜುಡುಂ ಪಡೆಯ ವಿರುದ್ಧ ಅವರು 2011ರಲ್ಲಿ ಕೊಟ್ಟಿದ್ದ ತೀರ್ಪು ಆಗ ಪ್ರಚಾರದ ವಸ್ತುವಾಯಿತು. ಅದೇ ವರ್ಷ ಮುಖ್ಯ ನ್ಯಾಯಮೂರ್ತಿಯಾಗಿದ್ದ ಬಿ.ಆರ್. ಗವಾಯಿಯವರು, ಜಡ್ಜ್‌ಗಳು ನಿವೃತ್ತಿಯಾದ ಕೂಡಲೇ ಸರ್ಕಾರಿ ಹುದ್ದೆ ಹಿಡಿಯುವುದು, ಚುನಾವಣೆಗೆ ನಿಲ್ಲುವುದು ಜನರಲ್ಲಿ ಅನುಮಾನ ಹುಟ್ಟಿಸುತ್ತದೆ ಎಂದು ಬಹಿರಂಗವಾಗಿಯೇ ಹೇಳಿದರು. ತಾವು ಅಂಥ ಹುದ್ದೆ ಒಪ್ಪಿಕೊಳ್ಳುವುದಿಲ್ಲ ಎಂದೂ ಸ್ಪಷ್ಟಪಡಿಸಿದರು.

ಇಷ್ಟಾದರೂ ನಮ್ಮ ಚರ್ಚೆ ಮಾತ್ರ ಮುಂದೆ ಹೋಗೋದೇ ಇಲ್ಲ. ಬಂದವರು ನಮ್ಮ ಪಕ್ಷದವರಾದರೆ ಸೇವೆ, ಆ ಪಕ್ಷದವರಾದರೆ ಋಣಸಂದಾಯ. ಇದು ಅಳತೆ ಅಲ್ಲ, ಅಲ್ವಾ? ಯಾರಿಗೂ ಒಂದೇ ಥರ ಹಿಡಿಯಬಹುದಾದ ಅಳತೆಗೋಲು ಬೇಕು. ಅದು ಹೆಗ್ಡೆಯವರೇ ಬರೆದ ಒಂದು ತೀರ್ಪಿನಲ್ಲಿ ಇದೆ ಎಂಬುದು ನನ್ನ ನಂಬಿಕೆ. ಅವರ ಬದುಕನ್ನು ನೋಡಿಕೊಂಡೇ ಅಲ್ಲಿಗೆ ಹೋಗೋಣ.

ಕೌಡೂರು ಸದಾನಂದ ಹೆಗ್ಡೆ ಹುಟ್ಟಿದ್ದು 1909ರಲ್ಲಿ, ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ. ಓದಿದ್ದು ಮಂಗಳೂರು, ಮದ್ರಾಸುಗಳಲ್ಲಿ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ವಕೀಲಿಕೆ ಮಾಡಿದರು, ಸರ್ಕಾರಿ ವಕೀಲರೂ ಆದರು. 1952ರಲ್ಲಿ ಕಾಂಗ್ರೆಸ್‌ನಿಂದ ರಾಜ್ಯಸಭೆಗೆ ಹೋದರು. ಐದು ವರ್ಷ ಸಂಸದರಾಗಿದ್ದರು. 1957ರಲ್ಲಿ ಆ ಸ್ಥಾನ ಬಿಟ್ಟು ಬೆಂಗಳೂರಿಗೆ ಬಂದು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಧಿಕಾರದಲ್ಲಿರುವ ಪಕ್ಷದ ಸಂಸದ ನೇರವಾಗಿ ಹೈಕೋರ್ಟ್ ಪೀಠಕ್ಕೆ! ಇವತ್ತು ಹೀಗಾದರೆ ಎಷ್ಟು ಗಲಾಟೆ ಆಗುತ್ತಿತ್ತು ಯೋಚಿಸಿ. ಆಗಬೇಕಾದದ್ದೂ ಹೌದು. ಆದರೆ ಮುಂದೆ ಏನಾಯಿತು ಅನ್ನೋದು ಮುಖ್ಯ. ಸುಮಾರು ಒಂಬತ್ತು ವರ್ಷ ಅವರು ಬೆಂಗಳೂರಿನ ಹೈಕೋರ್ಟ್ ಕಟ್ಟಡವಾದ ಅಠಾರ ಕಚೇರಿಯಲ್ಲಿ ಕೆಲಸ ಮಾಡಿದರು. 1966ರಲ್ಲಿ ಹೊಸದಾಗಿ ಶುರುವಾದ ದೆಹಲಿ ಹೈಕೋರ್ಟಿಗೆ ಮೊದಲ ಮುಖ್ಯ ನ್ಯಾಯಮೂರ್ತಿಯಾದರು. 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ತಮ್ಮನ್ನು ರಾಜ್ಯಸಭೆಗೆ ಕಳಿಸಿದ್ದ ಪಕ್ಷದ ಸರ್ಕಾರದ ವಿರುದ್ಧವೇ ಒಂದಾದ ಮೇಲೊಂದು ದೊಡ್ಡ ತೀರ್ಪುಗಳಲ್ಲಿ ನಿಂತರು. 1970ರ ಬ್ಯಾಂಕ್ ರಾಷ್ಟ್ರೀಕರಣ ಪ್ರಕರಣದಲ್ಲಿ ಸರ್ಕಾರ ಸೋತಿತು. ಹಳೆಯ ಸಂಸ್ಥಾನಗಳ ರಾಜರಿಗೆ ಕೊಡುತ್ತಿದ್ದ ರಾಜಧನದ ಪ್ರಕರಣದಲ್ಲೂ ಸೋತಿತು. ಎರಡರಲ್ಲೂ ಹೆಗ್ಡೆ ಬಹುಮತದ ಕಡೆ ಇದ್ದರು. ಇಂದಿರಾ ಗಾಂಧಿಯವರ ಆಯ್ಕೆಯ ವಿರುದ್ಧ ರಾಜ್ ನಾರಾಯಣ್ ಹಾಕಿದ್ದ ತಕರಾರಿನ ಒಂದು ಹಂತವೂ ಇವರ ಪೀಠದ ಮುಂದೆ ಬಂದಿತ್ತು.

ಈಗ ಆ ತೀರ್ಪಿನ ವಿಷಯ. 1969ರ ಎ.ಕೆ. ಕ್ರೈಪಕ್ ಪ್ರಕರಣ. ಕಾನೂನು ಓದುವ ಮಕ್ಕಳಿಗೆಲ್ಲ ಗೊತ್ತಿರುವ ಹೆಸರು, ಆದರೆ ಕೋರ್ಟಿನ ಹೊರಗೆ ಯಾರೂ ಅದರ ಬಗ್ಗೆ ಮಾತಾಡೋದಿಲ್ಲ. ಕಥೆ ತುಂಬ ಸರಳ. ಜಮ್ಮು ಮತ್ತು ಕಾಶ್ಮೀರದ ಅರಣ್ಯ ಇಲಾಖೆಯ ಅಧಿಕಾರಿಗಳಲ್ಲಿ ಕೆಲವರನ್ನು ಭಾರತೀಯ ಅರಣ್ಯ ಸೇವೆಗೆ ಆರಿಸಬೇಕಿತ್ತು. ಅದಕ್ಕೊಂದು ಆಯ್ಕೆ ಸಮಿತಿ ಮಾಡಿದರು. ಇಲಾಖೆಯ ಹಂಗಾಮಿ ಮುಖ್ಯಸ್ಥರು ಆ ಸಮಿತಿಯ ಸದಸ್ಯರು. ಅದೇ ಹುದ್ದೆಗೆ ಅವರೂ ಒಬ್ಬ ಅಭ್ಯರ್ಥಿ! ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಎದ್ದು ಹೊರಗೆ ಹೋದರು. ಆದರೆ ಪೈಪೋಟಿಯಲ್ಲಿದ್ದ ಬೇರೆ ಅಧಿಕಾರಿಗಳ ಹೆಸರು ಬಂದಾಗ ಒಳಗೇ ಕೂತಿದ್ದರು. ಕೊನೆಯ ಪಟ್ಟಿ ಮಾಡುವಾಗಲೂ ಇದ್ದರು. ಪಟ್ಟಿಯಲ್ಲಿ ಅವರದೇ ಹೆಸರು ಮೊದಲು.

ಸರ್ಕಾರದ ವಾದ ಹೀಗಿತ್ತು: ಅವರು ಪಕ್ಷಪಾತ ಮಾಡಿದರು ಅನ್ನೋದಕ್ಕೆ ಸಾಕ್ಷಿ ಎಲ್ಲಿದೆ? ಸಮಿತಿಯ ಬೇರೆ ಸದಸ್ಯರೇ ಅವರು ಏನೂ ಪ್ರಭಾವ ಬೀರಲಿಲ್ಲ ಅನ್ನುತ್ತಿದ್ದಾರಲ್ಲ? ಐವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ಹೆಗ್ಡೆ ಬರೆದ ಉತ್ತರದ ಸಾರ ಇಷ್ಟು. ಒಬ್ಬ ಮನುಷ್ಯನ ಮನಸ್ಸಿನೊಳಗೆ ಏನಿತ್ತು ಅಂತ ಸಾಬೀತು ಮಾಡುವುದು ಕಷ್ಟ. ಹಾಗಾಗಿ ಅವನು ನಿಜಕ್ಕೂ ಪಕ್ಷಪಾತ ಮಾಡಿದನಾ ಅನ್ನೋದು ನೋಡಬೇಕಾದ ಪ್ರಶ್ನೆಯೇ ಅಲ್ಲ. ಪಕ್ಷಪಾತ ಮಾಡಿರಬಹುದು ಅಂತ ನಂಬೋಕೆ ನ್ಯಾಯವಾದ ಕಾರಣ ಇದೆಯಾ? ಅಷ್ಟು ಸಾಕು. ಸುಮ್ನೆ ಗುಮಾನಿ ಸಾಲದು, ಆದರೆ ಪಕ್ಕಾ ಸಾಕ್ಷಿಯೂ ಬೇಕಿಲ್ಲ. ಮನುಷ್ಯ ಸ್ವಭಾವ, ಪರಿಸ್ಥಿತಿ ಎರಡನ್ನೂ ಇಟ್ಟು ನೋಡಬೇಕು. ಪೂರ್ತಿ ಆಯ್ಕೆಯೇ ರದ್ದಾಯಿತು.

ಅರಣ್ಯ ಅಧಿಕಾರಿಗಳಿಗೆ ಹಿಡಿದ ಈ ಕೋಲನ್ನು ಜಡ್ಜ್‌ಗಳಿಗೂ ಹಿಡಿಯಿರಿ. ಸರ್ಕಾರದ ಕೇಸ್ ಕೇಳುತ್ತಿರುವ ನ್ಯಾಯಮೂರ್ತಿಗೆ ಅದೇ ಸರ್ಕಾರ ನಾಳೆ ಹುದ್ದೆ ಕೊಡಬಹುದು ಅಂತಾದರೆ, ಆತನೂ ಒಂದು ರೀತಿಯಲ್ಲಿ ಅಭ್ಯರ್ಥಿಯೇ. ಅವರು ಪ್ರಾಮಾಣಿಕರೋ ಅಲ್ಲವೋ ಎಂದು ಚರ್ಚೆ ಮಾಡುವುದು ವ್ಯರ್ಥ. ಬಹುತೇಕರು ಪ್ರಾಮಾಣಿಕರೇ ಇರುತ್ತಾರೆ. ಕೇಸ್ ಸೋತ ಕಕ್ಷಿದಾರನಿಗೆ ನಂಬಿಕೆ ಉಳಿಯುತ್ತದಾ ಅನ್ನೋದೇ ಮಾತು.

ಹೆಗ್ಡೆಯವರನ್ನೇ ಈ ಅಳತೆಗೆ ಮೊದಲು ನಿಲ್ಲಿಸೋಣ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ತೀರ್ಪು ಬಂತು. ಅರ್ಜಿ ಹಾಕಿದ್ದವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದು 13 ನ್ಯಾಯಮೂರ್ತಿಗಳಲ್ಲಿ ಏಳು ಜನ ಹೇಳಿದರು. ಹೆಗ್ಡೆ ಆ ಏಳರಲ್ಲಿ ಒಬ್ಬರು. ಮರುದಿನವೇ ಸರ್ಕಾರ ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರು ಪ್ರಕಟಿಸಿತು. ಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗಿಟ್ಟು ನಾಲ್ಕನೆಯವರಾದ ಎ.ಎನ್. ರೇ ಅವರನ್ನು ತಂದಿತು. ಬದಿಗೆ ಸರಿಸಿದ ಮೂವರೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರು. ರೇ ಸರ್ಕಾರದ ಪರ ಇದ್ದವರು. ಹಿರಿತನದ ಲೆಕ್ಕದಲ್ಲೇ ಹೋಗಿದ್ದರೆ ಜುಲೈನಲ್ಲಿ ಶೆಲತ್ ನಿವೃತ್ತರಾಗುತ್ತಿದ್ದರು, ಆಮೇಲೆ 1974ರ ಜೂನ್‌ವರೆಗೆ ಹೆಗ್ಡೆ ದೇಶದ ಮುಖ್ಯ ನ್ಯಾಯಮೂರ್ತಿಯಾಗಿರುತ್ತಿದ್ದರು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು.

ಅಂದರೆ ಆ ತೀರ್ಪುಗಳಿಂದ ಹೆಗ್ಡೆಯವರಿಗೆ ಸಿಕ್ಕಿದ್ದು ಲಾಭ ಅಲ್ಲ, ನಷ್ಟ. ಅವರು ಜನರ ಮುಂದೆ ಬಂದಿದ್ದು ನಾಲ್ಕು ವರ್ಷ ಬಿಟ್ಟು. ನಡುವೆ ತುರ್ತು ಪರಿಸ್ಥಿತಿ ಬಂದು ಹೋಗಿತ್ತು. ಅವರು ನಿಂತದ್ದು ಆಳುವ ಪಕ್ಷದ ವಿರುದ್ಧ. ಅದೂ ಆ ಪಕ್ಷ ಗಟ್ಟಿಯಾಗಿದ್ದ ರಾಜ್ಯದಲ್ಲಿ. 1969ರಲ್ಲೋ 1973ರಲ್ಲೋ ತೀರ್ಪು ಬರೆಯುವಾಗ ‘ಮುಂದೆ ಜನತಾ ಪಕ್ಷ ನನಗೆ ಟಿಕೆಟ್ ಕೊಡುತ್ತೆ’ ಅಂತ ಲೆಕ್ಕ ಹಾಕೋಕೆ ಸಾಧ್ಯವೇ ಇರಲಿಲ್ಲ. ಆ ಪಕ್ಷವೇ ಆಗ ಇರಲಿಲ್ಲ. ಕ್ರೈಪಕ್ ಕೋಲಿಗೆ ಹೆಗ್ಡೆ ಸರಿಯಾಗಿ ನಿಲ್ಲುತ್ತಾರೆ.

ಆದರೆ ಅವರ ಬದುಕಿನಲ್ಲಿ ಇನ್ನೊಂದು ಘಟ್ಟ ಇದೆ. ಅಭಿಮಾನಿಗಳು ಅದನ್ನು ಬೇಗ ದಾಟಿಬಿಡುತ್ತಾರೆ. 1977ರ ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದಾಗ ಖಾಲಿಯಾದ ಲೋಕಸಭಾ ಸ್ಪೀಕರ್ ಕುರ್ಚಿಗೆ ಹೆಗ್ಡೆ ಬಂದರು. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಗೆದ್ದು ಅದೇ ಸದನಕ್ಕೆ ಬಂದರು. ಮಗ ಸಂಜಯ್ ಗಾಂಧಿಯವರ ಮಾರುತಿ ಕಂಪನಿ ಕುರಿತ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಪ್ರಧಾನಿಯಾಗಿದ್ದಾಗ ತೊಂದರೆ ಕೊಟ್ಟರು ಅನ್ನೋ ಹಕ್ಕುಚ್ಯುತಿ ಆರೋಪ ಅವರ ಮೇಲಿತ್ತು. ಡಿಸೆಂಬರ್ 19ರಂದು ಸದನ ಅವರ ಸದಸ್ಯತ್ವ ಕಿತ್ತುಹಾಕಿತು, ಅಧಿವೇಶನ ಮುಗಿಯುವವರೆಗೆ ಜೈಲಿಗೂ ಕಳಿಸಿತು. ಆ ದಿನ ಅವರ ಬಂಧನಕ್ಕೆ ಬೇಕಾದದ್ದು ಸ್ಪೀಕರ್ ಸಹಿ. ಐದು ವರ್ಷ ಹಿಂದೆ ಯಾರ ಸರ್ಕಾರ ತಮಗೆ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿಸಿತ್ತೋ, ಅವರದೇ ಬಂಧನದ ಕಾಗದಕ್ಕೆ ಹೆಗ್ಡೆ ಸಹಿ ಹಾಕಬೇಕಾಯಿತು.

ತೀರ್ಮಾನ ಸದನದ್ದು, ಸ್ಪೀಕರ್ ಅವರದ್ದಲ್ಲ. ನಿಜ. ಹೆಗ್ಡೆ ಸೇಡು ತೀರಿಸಿಕೊಂಡರು ಅಂತ ನಾನು ಹೇಳುವುದಿಲ್ಲ. ಆದರೆ ಅವರದೇ ಕ್ರೈಪಕ್ ಮಾತಿನಂತೆ, ಅದು ಪ್ರಶ್ನೆಯೇ ಅಲ್ಲ. ಅವತ್ತು ಆ ವಿಷಯದ ಮಟ್ಟಿಗೆ ಅವರು ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. 1981ರಲ್ಲಿ ಮುಂದಿನ ಲೋಕಸಭೆ ಆ ಉಚ್ಚಾಟನೆಯನ್ನೇ ರದ್ದು ಮಾಡಿತು. ಹೆಗ್ಡೆ 1980ರ ನಂತರ ನಿಟ್ಟೆಯಲ್ಲಿ ತಾವು ಕಟ್ಟಿದ ಶಿಕ್ಷಣ ಸಂಸ್ಥೆಗಳ ಕೆಲಸಕ್ಕೆ ಹೆಚ್ಚು ಸಮಯ ಕೊಟ್ಟರು. 1990ರಲ್ಲಿ ತೀರಿಕೊಂಡರು.

ಈ ಬದುಕಿನಲ್ಲಿ ನನಗೆ ಎದ್ದು ಕಾಣುವ ವಿಷಯ ಒಂದು. ಜಡ್ಜ್ ಆಗುವ ಮೊದಲು ಮಾಡಿದ ರಾಜಕೀಯ ಅಷ್ಟು ದೊಡ್ಡ ಅಪಾಯ ಅಲ್ಲ. ಜಡ್ಜ್ ಆಗಿರುವಾಗ ಮುಂದಿನ ಹುದ್ದೆಯ ಮೇಲೆ ಹುಟ್ಟುವ ಆಸೆ ಅದಕ್ಕಿಂತ ಎಷ್ಟೋ ಜಾಸ್ತಿ ಅಪಾಯ. ಹಿಂದಿನ ರಾಜಕೀಯ ಎಲ್ಲರಿಗೂ ಗೊತ್ತಿರುತ್ತದೆ. ಕಕ್ಷಿದಾರ ಅದರ ಬಗ್ಗೆ ಕೋರ್ಟಿನಲ್ಲೇ ತಕರಾರು ಎತ್ತಬಹುದು, ಜಡ್ಜ್ ಆ ಕೇಸಿನಿಂದ ಹಿಂದೆ ಸರಿಯಬಹುದು. ಮುಂದಿನ ಆಸೆ ಯಾರ ಕಣ್ಣಿಗೂ ಕಾಣುವುದಿಲ್ಲ.

ವಿ.ಆರ್. ಕೃಷ್ಣ ಅಯ್ಯರ್ ಅವರನ್ನು ನೋಡಿ. 1957ರ ಕೇರಳದ ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಆಮೇಲೆ ಹೈಕೋರ್ಟ್, ಸುಪ್ರೀಂ ಕೋರ್ಟ್. 1975ರ ಜೂನ್ 24ರಂದು ಇಂದಿರಾ ಗಾಂಧಿಯವರ ಆಯ್ಕೆ ಅಸಿಂಧು ಎಂದಿದ್ದ ಅಲಹಾಬಾದ್ ಹೈಕೋರ್ಟ್ ತೀರ್ಪಿಗೆ ಷರತ್ತಿನ ತಡೆಯಾಜ್ಞೆ ಕೊಟ್ಟವರು ಅವರೇ. ಪ್ರಧಾನಿಯಾಗಿ ಮುಂದುವರಿಯಬಹುದು, ಆದರೆ ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ ಅಂದರು. ಎರಡೂ ಕಡೆಯವರಿಗೆ ಪೂರ್ತಿ ಸಂತೋಷ ಆಗದ ಆದೇಶ ಅದು. ಅವರ ಹಳೆಯ ರಾಜಕೀಯ ಯಾವ ಕಡೆಯದು ಅನ್ನೋದು ಅಲ್ಲಿ ಅಡ್ಡಬರಲಿಲ್ಲ.

ಹಿಂದೆಯೂ ಪಕ್ಷ, ಮುಂದೆಯೂ ಪಕ್ಷ ಆದರೆ? ಬಹರುಲ್ ಇಸ್ಲಾಂ ಅವರದು ಹಾಗಾಯಿತು. ಕಾಂಗ್ರೆಸ್‌ನ ರಾಜ್ಯಸಭಾ ಸದಸ್ಯರಾಗಿದ್ದವರು ಗುವಾಹಟಿ ಹೈಕೋರ್ಟಿಗೆ ಹೋದರು, ನಿವೃತ್ತಿಯಾದ ಮೇಲೆ ಸುಪ್ರೀಂ ಕೋರ್ಟಿಗೆ ಬಂದರು. ಬಿಹಾರದ ಕಾಂಗ್ರೆಸ್ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಮೇಲಿನ ಸಹಕಾರಿ ಬ್ಯಾಂಕ್ ಪ್ರಕರಣದಲ್ಲಿ ಅವರ ಪರ ತೀರ್ಪು ಕೊಟ್ಟರು. ಸ್ವಲ್ಪ ಸಮಯದಲ್ಲೇ, 1983ರ ಜನವರಿಯಲ್ಲಿ, ನಿವೃತ್ತಿಗೆ ಕೆಲವೇ ವಾರ ಇರುವಾಗ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಅಭ್ಯರ್ಥಿಯಾದರು. ತೀರ್ಪು ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೆ ಅದನ್ನು ಇನ್ನು ಯಾರು ನಂಬುತ್ತಾರೆ?

ವಿರೋಧ ಪಕ್ಷದ ಕಡೆ ಹೋದರೂ ಅನುಮಾನ ಬಿಡುವುದಿಲ್ಲ. ಗೋಲಕ್‌ನಾಥ್ ಪ್ರಕರಣದಲ್ಲಿ ಸರ್ಕಾರದ ವಿರುದ್ಧ ತೀರ್ಪು ಬಂದದ್ದು 1967ರ ಫೆಬ್ರುವರಿಯಲ್ಲಿ. ಆ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟು ವಿರೋಧ ಪಕ್ಷಗಳ ರಾಷ್ಟ್ರಪತಿ ಅಭ್ಯರ್ಥಿಯಾದರು. ಸೋತರು. ಎರಡು ತಿಂಗಳೂ ಇಲ್ಲದ ಆ ಅಂತರ ಒಳ್ಳೆಯದಾಗಿರಲಿಲ್ಲ.

ನಮ್ಮವರ ಪೈಕಿ ಎಂ. ರಾಮಾ ಜೋಯಿಸ್ ಇದ್ದಾರೆ. ತೀರ್ಥಹಳ್ಳಿ ಕಡೆಯವರು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿತರಾಗಿದ್ದ ವಾಜಪೇಯಿ, ಅಡ್ವಾಣಿ ಅವರ ಪರ ಹೈಕೋರ್ಟಿನಲ್ಲಿ ವಕಾಲತ್ತು ಹಾಕಿದ್ದ ವಕೀಲರು, ಆಮೇಲೆ ತಾವೂ ಜೈಲಿಗೆ ಹೋದವರು. 1977ರಲ್ಲಿ ಇದೇ ಹೈಕೋರ್ಟಿನ ನ್ಯಾಯಮೂರ್ತಿ, ಮುಂದೆ ಪಂಜಾಬ್ ಮತ್ತು ಹರಿಯಾಣದ ಮುಖ್ಯ ನ್ಯಾಯಮೂರ್ತಿ. 1992ರಲ್ಲಿ ಪೀಠ ಬಿಟ್ಟರು. ರಾಜ್ಯಪಾಲರಾಗಿದ್ದು 2002ರಲ್ಲಿ, ರಾಜ್ಯಸಭೆಗೆ ಬಿಜೆಪಿಯಿಂದ ಹೋಗಿದ್ದು 2008ರಲ್ಲಿ. ಅವರ ಒಲವು ಯಾವ ಕಡೆ ಅನ್ನೋದು ಮುಚ್ಚುಮರೆಯ ವಿಷಯ ಆಗಿರಲಿಲ್ಲ. ಆದರೂ ಹತ್ತು ವರ್ಷದ ಅಂತರ ಅಂದರೆ ಸಣ್ಣದಲ್ಲ.

ಇದರ ಪಕ್ಕ ಇತ್ತೀಚಿನ ಎರಡನ್ನು ಇಡಿ. ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ 2019ರ ನವೆಂಬರ್‌ನಲ್ಲಿ ನಿವೃತ್ತರಾದರು, 2020ರ ಮಾರ್ಚ್‌ನಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಮೂಡುಬಿದಿರೆ ಕಡೆಯ, ನಮ್ಮ ಹೈಕೋರ್ಟಿನಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ ಎಸ್. ಅಬ್ದುಲ್ ನಜೀರ್ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ನಿವೃತ್ತರಾದರು, ಫೆಬ್ರುವರಿಯಲ್ಲೇ ಆಂಧ್ರಪ್ರದೇಶದ ರಾಜ್ಯಪಾಲರಾದರು. ಇಬ್ಬರೂ ಅಯೋಧ್ಯೆ ತೀರ್ಪಿನ ಪೀಠದಲ್ಲಿದ್ದವರು. ಆ ತೀರ್ಪು ಐವರದೂ ಒಮ್ಮತದ್ದು, ನಜೀರ್ ಅವರ ಸರಳ ನಡವಳಿಕೆಯನ್ನು ವಕೀಲರು ಈಗಲೂ ನೆನೆಯುತ್ತಾರೆ. ಅದೆಲ್ಲ ಇದ್ದೂ ನಾನು ಹೇಳುವುದು ಇಷ್ಟೇ: ಈ ಹುದ್ದೆಗಳಿಗೆ ಜನರ ಮತ ಬೇಕಿಲ್ಲ, ಸರ್ಕಾರದ ಮನಸ್ಸು ಸಾಕು. ಹಾಗಾಗಿ ಇಲ್ಲಿ ಅಂತರ ಇನ್ನೂ ಜಾಸ್ತಿ ಬೇಕಿತ್ತು. ಗಂಗೋಪಾಧ್ಯಾಯ ಅವರು ಜನರ ಮುಂದೆ ನಿಂತು ಗೆದ್ದರು, ಅದು ಅವರ ಪರ ಹೋಗುವ ಮಾತು. ಆದರೆ ತೃಣಮೂಲ ಸರ್ಕಾರದ ವಿರುದ್ಧ ಶಿಕ್ಷಕರ ನೇಮಕಾತಿ ಹಗರಣದಲ್ಲಿ ಆದೇಶ ಕೊಟ್ಟವರು ಎರಡು ದಿನದಲ್ಲಿ ಎದುರಾಳಿ ಪಕ್ಷಕ್ಕೆ ಹೋದರೆ, ಆ ಆದೇಶಗಳಿಂದ ನಿಜವಾಗಿ ನ್ಯಾಯ ಸಿಕ್ಕಿದವರಿಗೂ ಪೆಟ್ಟು ಬೀಳುತ್ತದೆ.

ಕಾನೂನು ಏನು ಹೇಳುತ್ತದೆ? ಆಶ್ಚರ್ಯ ಆಗುವಷ್ಟು ಕಮ್ಮಿ. ಸಂವಿಧಾನದ 124(7)ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದವರು ದೇಶದ ಯಾವ ಕೋರ್ಟಿನಲ್ಲೂ ವಕೀಲಿಕೆ ಮಾಡುವಂತಿಲ್ಲ. 220ನೇ ವಿಧಿ ಹೈಕೋರ್ಟ್ ಜಡ್ಜ್‌ಗಳಿಗೆ ಬೇರೆ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನಲ್ಲಿ ಮಾತ್ರ ಅವಕಾಶ ಕೊಡುತ್ತದೆ. ಅಂದರೆ ಕಪ್ಪು ಕೋಟು ಹಾಕಿ ಮತ್ತೆ ವಾದ ಮಾಡಬೇಡಿ ಅನ್ನುತ್ತದೆ. ರಾಜ್ಯಪಾಲರಾಗಬೇಡಿ, ಸಂಸದರಾಗಬೇಡಿ ಅನ್ನುವುದಿಲ್ಲ. ಸರ್ಕಾರದ ಲೆಕ್ಕಪತ್ರ ಪರಿಶೀಲಿಸುವ ಮಹಾಲೇಖಪಾಲರಿಗೆ (ಸಿಎಜಿ) 148ನೇ ವಿಧಿಯಲ್ಲಿ ಆ ನಿರ್ಬಂಧ ಇದೆ. ನಿವೃತ್ತಿಯಾದ ಮೇಲೆ ಅವರು ಸರ್ಕಾರದ ಕೆಳಗೆ ಯಾವ ಹುದ್ದೆಯನ್ನೂ ಹಿಡಿಯುವಂತಿಲ್ಲ. ಜಡ್ಜ್‌ಗಳಿಗೂ ಹೀಗೇ ಇರಲಿ ಎಂದು ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಕೇಳಿದ್ದರು. ಅಂಬೇಡ್ಕರ್ ಒಪ್ಪಲಿಲ್ಲ. ಕೋರ್ಟುಗಳ ಮುಂದೆ ಬರುವುದು ಹೆಚ್ಚಾಗಿ ಜನರ ನಡುವಿನ ವ್ಯಾಜ್ಯ, ಸರ್ಕಾರಕ್ಕೆ ಅದರಲ್ಲಿ ಆಸಕ್ತಿ ಕಡಿಮೆ ಅನ್ನೋದು ಅವರ ಕಾರಣ. 1949ರಲ್ಲಿ ಅದು ನಿಜ ಇದ್ದಿರಬಹುದು. ಈಗ ದೇಶದ ಕೋರ್ಟುಗಳಲ್ಲಿ ಸರ್ಕಾರಕ್ಕಿಂತ ದೊಡ್ಡ ಕಕ್ಷಿದಾರ ಇಲ್ಲ. 1958ರಲ್ಲೇ ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ಸುಪ್ರೀಂ ಕೋರ್ಟ್ ಜಡ್ಜ್‌ಗಳು ನಿವೃತ್ತಿಯ ನಂತರ ಸರ್ಕಾರಿ ಕೆಲಸ ಒಪ್ಪಬಾರದು ಎಂದು ಶಿಫಾರಸು ಮಾಡಿತು. ಅದು ಕಡತದಲ್ಲೇ ಉಳಿಯಿತು.

ಹಾಗಂತ ಎಲ್ಲ ಹುದ್ದೆಗಳ ಬಾಗಿಲೂ ಮುಚ್ಚಿ ಅನ್ನೋಕಾಗುವುದಿಲ್ಲ. ಹೈಕೋರ್ಟ್ ಜಡ್ಜ್ 62ಕ್ಕೆ, ಸುಪ್ರೀಂ ಕೋರ್ಟ್ ಜಡ್ಜ್ 65ಕ್ಕೆ ನಿವೃತ್ತರಾಗುತ್ತಾರೆ. ಎಷ್ಟೋ ಸಂಸ್ಥೆಗಳಿಗೆ ಅವರ ಅನುಭವ ಬೇಕು. ಹೆಗ್ಡೆಯವರ ಮಗ ಎನ್. ಸಂತೋಷ್ ಹೆಗ್ಡೆಯವರೇ ಅದಕ್ಕೆ ಉದಾಹರಣೆ. ಸುಪ್ರೀಂ ಕೋರ್ಟಿನಿಂದ ನಿವೃತ್ತರಾಗಿ 2006ರಲ್ಲಿ ಕರ್ನಾಟಕದ ಲೋಕಾಯುಕ್ತರಾದರು. ಬಳ್ಳಾರಿ ಗಣಿಗಾರಿಕೆಯ ಬಗ್ಗೆ 2011ರ ಜುಲೈನಲ್ಲಿ ಅವರು ಕೊಟ್ಟ ವರದಿ ಬಂದ ಕೆಲವೇ ದಿನಗಳಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಆಗಿನ ಜನಪ್ರಿಯತೆಗೆ ಯಾವ ಪಕ್ಷವೂ ಟಿಕೆಟ್ ಕೊಡುತ್ತಿತ್ತು. ಅವರು ಚುನಾವಣೆಗೆ ನಿಲ್ಲಲಿಲ್ಲ.

ಮಾದರಿ ಎಲ್ಲಿಂದ ತರಬೇಕು ಅಂತ ಹುಡುಕುವ ಅಗತ್ಯವೂ ಇಲ್ಲ. 2013ರ ಲೋಕಪಾಲ ಕಾಯ್ದೆಯ 8ನೇ ಸೆಕ್ಷನ್ ತೆಗೆದು ಓದಿ. ಲೋಕಪಾಲರು ಅಧಿಕಾರ ಬಿಟ್ಟ ಮೇಲೆ ಸರ್ಕಾರದ ಕೆಳಗೆ ಲಾಭದ ಹುದ್ದೆ ಹಿಡಿಯುವಂತಿಲ್ಲ. ಐದು ವರ್ಷ ರಾಷ್ಟ್ರಪತಿಯಿಂದ ಹಿಡಿದು ಪಂಚಾಯ್ತಿವರೆಗೆ ಯಾವ ಚುನಾವಣೆಗೂ ನಿಲ್ಲುವಂತಿಲ್ಲ. ಲೋಕಪಾಲದಲ್ಲಿ ಕೂರುವವರಲ್ಲಿ ಅರ್ಧದಷ್ಟು ಜನ ಜಡ್ಜ್ ಆಗಿರುವವರು ಅಥವಾ ಆಗಿದ್ದವರೇ ಇರಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಅಂದರೆ ಅದೇ ವ್ಯಕ್ತಿಗೆ ಲೋಕಪಾಲರಾದಾಗ ಐದು ವರ್ಷದ ಅಂತರ ಬೇಕು, ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದಾಗ ಒಂದು ದಿನವೂ ಬೇಡ. ಇದಕ್ಕೆ ಸಮರ್ಥನೆ ನನಗಂತೂ ಕಾಣುತ್ತಿಲ್ಲ. ಈ ನಿಯಮವನ್ನು ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೂ ತರಲು ಸಂಸತ್ತು ಮನಸ್ಸು ಮಾಡಬೇಕು. ಆಳುವ ಪಕ್ಷ ಯಾವುದೇ ಇರಲಿ, ಕೈಯಲ್ಲಿರುವ ಹುದ್ದೆಗಳನ್ನು ಬಿಟ್ಟುಕೊಡೋದು ಅದಕ್ಕೆ ಇಷ್ಟ ಇರುವುದಿಲ್ಲ, ಅದಕ್ಕೇ ಇಷ್ಟು ವರ್ಷ ಆಗಿಲ್ಲ.

ದೆಹಲಿಯ ದಾರಿ ನೋಡದೆ ವಿಧಾನಸೌಧದಲ್ಲೇ ಮಾಡಬಹುದಾದ ಕೆಲಸವೂ ಒಂದಿದೆ. ಲೋಕಾಯುಕ್ತರನ್ನು ನೇಮಿಸುವಾಗ ಮುಖ್ಯಮಂತ್ರಿ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ವಿರೋಧ ಪಕ್ಷದ ನಾಯಕರು, ಸಭಾಧ್ಯಕ್ಷರು, ಸಭಾಪತಿಗಳ ಜೊತೆ ಸಮಾಲೋಚನೆ ಮಾಡಬೇಕು. ತನಿಖಾ ಆಯೋಗಕ್ಕೆ ನಿವೃತ್ತ ಜಡ್ಜ್ ಆರಿಸುವಾಗ ಹಾಗಿಲ್ಲ. 1952ರ ತನಿಖಾ ಆಯೋಗಗಳ ಕಾಯ್ದೆಯಡಿ ಸರ್ಕಾರವೇ ಹೆಸರು ಆರಿಸುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ತನಿಖೆಗೆ ಸರ್ಕಾರ ಜಾನ್ ಮೈಕೆಲ್ ಡಿಕುನ್ಹಾ ಅವರನ್ನು ನೇಮಿಸಿತು. 2014ರಲ್ಲಿ ಬೆಂಗಳೂರಿನ ವಿಶೇಷ ಕೋರ್ಟಿನಲ್ಲಿ ಕೂತು ಅಧಿಕಾರದಲ್ಲಿದ್ದ ಜಯಲಲಿತಾ ಅವರಿಗೇ ಶಿಕ್ಷೆ ಕೊಟ್ಟ ಜಡ್ಜ್ ಅವರು. ಅವರ ನಿಷ್ಠೆಯ ಬಗ್ಗೆ ನನಗೆ ಒಂದು ಮಾತೂ ಇಲ್ಲ. ಆದರೆ ಆ ದಿನದ ಘಟನೆಯಲ್ಲಿ ಸರ್ಕಾರದ ಪಾತ್ರವೂ ಪ್ರಶ್ನೆಯಲ್ಲಿತ್ತು. ತನ್ನ ತನಿಖೆ ಮಾಡುವವರನ್ನು ಸರ್ಕಾರ ತಾನೇ ಆರಿಸಿದರೆ, ವರದಿ ಎಷ್ಟೇ ಚೆನ್ನಾಗಿದ್ದರೂ ಎದುರಿನವರು ‘ನಿಮ್ಮ ಆಯೋಗ’ ಅಂತಲೇ ಕರೆಯುತ್ತಾರೆ.

ಇದನ್ನು ತಪ್ಪಿಸಲು ಕಾಯ್ದೆ ತಿದ್ದುಪಡಿ ಕೂಡ ಬೇಕಿಲ್ಲ. ಸರ್ಕಾರ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದು, ‘ಈ ಆಯೋಗಕ್ಕೆ ನೀವೇ ಒಬ್ಬರ ಹೆಸರು ಕೊಡಿ’ ಎಂದು ಕೇಳಿದರೆ ಸಾಕು. ಮುಂದಿನ ಆಯೋಗಕ್ಕೇ ಇದನ್ನು ಮಾಡಬಹುದು.